ಪಾಪದ ಹುಡುಗಿ

ಬ್ಯಾಂಕಿನ ಕೌಂಟರಿನ ಮುಂದೆ ನಾನು ಮೂರು ಸಲ ಸಹಿ ಹಾಕಿದೆ. ಮೂರೂ ನನ್ನ ಸಹಿಯಾಗಲಿಲ್ಲ. ಮೊದಲನೆಯದು ಓರೆಯಾಯಿತು. ಎರಡನೆಯದರಲ್ಲಿ ಕೊನೆಯ ಅಕ್ಷರ ಎಲ್ಲಿಗೋ ಎಳೆದುಕೊಂಡು ಹೋಯಿತು. ಮೂರನೆಯದು ಕೈ ನಡುಗುವ ಮುದುಕಿ ಹಾಕಿದ ಹಾಗಿತ್ತು. "ಮೇಡಂ, ಮೇರೆ ಸಾಮ್ನೆ ಆರಾಮ್ ಸೆ ಕೀಜಿಯೆ", ನನ್ನೆದುರೇ ನಿಧಾನವಾಗಿ ಹಾಕಿ, ಎಂದು ಗುಮಾಸ್ತರು ಸಮಾಧಾನದಿಂದಲೇ ಹೇಳಿದರು. ಅವರ ಕಣ್ಣು ನನ್ನ ಬೆರಳುಗಳ ಮೇಲಿತ್ತು. ಹಿಂದೆ ಸಾಲಿನಲ್ಲಿದ್ದವರ ಕಣ್ಣೂ ಅಲ್ಲೇ ಇದೆ ಎಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಪೆನ್ನು ಕೆಳಗಿಟ್ಟು, ಆಧಾರ್ ಕಾರ್ಡು ಎತ್ತಿಕೊಂಡು ಹೊರಗೆ ಬಂದುಬಿಟ್ಟೆ.

ಅದು ನನ್ನದೇ ಎಫ್‌ಡಿ. ಅಪ್ಪಯ್ಯನ ಕಣ್ಣಿನ ಪೊರೆಯ ಆಪರೇಷನ್ನಿಗೆ ಮುರಿಸಬೇಕಿತ್ತು. ಮುಂಬಯಿ ಹೊರವಲಯದ ಡೊಂಬಿವಲಿಯ ಮನೆಗೆ ಬಂದು "ಸರ್ವರ್ ಡೌನ್ ಇತ್ತು" ಎಂದೆ. ಮರುವಾರ "ಮ್ಯಾನೇಜರ್ ರಜೆ" ಎಂದೆ. ಆಪರೇಷನ್ ಒಂದು ತಿಂಗಳು ಮುಂದೆ ಹೋಯಿತು. ಆ ತಿಂಗಳಿಡೀ ಅಪ್ಪಯ್ಯ ಬೆಳಿಗ್ಗೆ ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದು, ದೊಡ್ಡಕ್ಷರದ ತಲೆಬರಹಗಳನ್ನಷ್ಟೇ ಓದಿ ಮಡಿಸಿಡುತ್ತಿದ್ದರು. ಕೊನೆಗೆ ಆಫೀಸಿನಲ್ಲಿ ಅಡ್ವಾನ್ಸ್ ಕೇಳಿದೆ, ಅದನ್ನೂ ಇಮೇಲಿನಲ್ಲಿ. ಆಪರೇಷನ್ ಮುಗಿದು ಅಪ್ಪಯ್ಯ ಪೇಪರು ಓದಲು ಶುರು ಮಾಡಿದ ದಿನವೇ ಡಾಕ್ಟರ ಹತ್ತಿರ ಹೋಗಬೇಕೆಂದು ನಿರ್ಧರಿಸಿದೆ.

ನನಗಾಗ ಮೂವತ್ತೊಂದು. ಅಷ್ಟು ವರ್ಷವೂ ನನ್ನಲ್ಲಿ ಏನೋ ತಪ್ಪಿದೆ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಕುಂದಾಪುರದ ಕಡೆ ತಲೆ ಎತ್ತಿ ಮಾತಾಡದ ಹೆಣ್ಣುಮಗಳನ್ನು ಪಾಪದ ಹುಡುಗಿ ಅನ್ನುತ್ತಾರೆ, ಪ್ರೀತಿಯಿಂದಲೇ. ಊರಿಗೆ ಹೋದಾಗ ಚಿಕ್ಕಮ್ಮಂದಿರು ನನ್ನನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಮದುವೆಮನೆಯ ಊಟದ ಪಂಕ್ತಿಯಲ್ಲಿ ಗಂಟಲಲ್ಲಿ ತುತ್ತು ಇಳಿಯದೆ ಅರ್ಧಕ್ಕೆ ಎದ್ದರೆ, "ಅವಳಿಗೆ ದಾಕ್ಷಿಣ್ಯ" ಎನ್ನುತ್ತಿದ್ದರು. ದಾಕ್ಷಿಣ್ಯ, ಸಂಕೋಚ, ಮರ್ಯಾದೆ ಎಂದು ಎಷ್ಟೊಂದು ಒಳ್ಳೆಯ ಹೆಸರುಗಳಿದ್ದವು ಅದಕ್ಕೆ! ಹೊಗಳಿಸಿಕೊಳ್ಳುವ ಕಾಯಿಲೆಗೆ ಮದ್ದು ಹುಡುಕಲು ಯಾರು ಹೋಗುತ್ತಾರೆ?

14416 ಎಂಬ, ಮನಸ್ಸಿನ ತೊಂದರೆಗಳಿಗೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಅಪರಿಚಿತರಿಗೆ ಫೋನ್ ಮಾಡುವುದೇ ನನ್ನಿಂದಾಗದ ಕೆಲಸ. ನಂಬರ್ ಒತ್ತಿ, ಹಸಿರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಸಂಜೆ ಕೂತಿದ್ದೇನೆ. ಕೊನೆಗೆ ಒಂದು ಮಂಗಳವಾರ ಆಫೀಸಿಗೆ ರಜೆ ಹಾಕಿ, ಸ್ಲೋ ಲೋಕಲ್ ಹಿಡಿದು ಪರೇಲಿನಲ್ಲಿಳಿದು, ಮುನ್ಸಿಪಾಲಿಟಿಯ ದೊಡ್ಡಾಸ್ಪತ್ರೆಗೆ ಹೋದೆ. ಖಾಸಗಿ ಡಾಕ್ಟರಾದರೆ ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಬೇಕು. ಇಲ್ಲಿ ಸಾಲಿನಲ್ಲಿ ನಿಂತರಾಯಿತು ಎಂಬುದು ನನ್ನ ಲೆಕ್ಕ.

ಆ ಲೆಕ್ಕ ಕೇಸ್ ಪೇಪರಿನ ಕಿಟಕಿಯಲ್ಲೇ ತಪ್ಪಿತು. ಅಲ್ಲಿ ಹೆಸರು, ವಯಸ್ಸು, ಯಾವ ವಿಭಾಗ ಎಂದು ಗಾಜಿನ ತೂತಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಬೇಕು. ನನ್ನ ಹಿಂದೆ ಮೂವತ್ತು ಜನ. "ಕುಠ್ಲಾ ವಿಭಾಗ?" ಎಂದು ಒಳಗಿನಾಕೆ ಎರಡನೆಯ ಸಲ ಕೇಳಿದಾಗ ನನ್ನ ಬಾಯಿಂದ ಬಂದದ್ದು "ಮೆಡಿಸಿನ್". ಸೈಕಿಯಾಟ್ರಿ ಎಂಬ ಪದ ನಾಲಗೆಯ ಮೇಲೇ ಇತ್ತು. ರೈಲಿನಲ್ಲಿ ಮುಲುಂಡಿನಿಂದ ದಾದರಿನವರೆಗೂ ಮನಸ್ಸಿನೊಳಗೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಹೀಗೆ ಜ್ವರದವರ, ಶುಗರ್‌ನವರ ನಡುವೆ ಒಂದೂವರೆ ಗಂಟೆ ಕೂತೆ. ಮೆಡಿಸಿನ್ ಡಾಕ್ಟರು ನಾಡಿ ಹಿಡಿದು, "ಇಷ್ಟು ವೇಗವಾಗಿ ಯಾಕೆ ಹೊಡೆದುಕೊಳ್ತಿದೆ, ಮೆಟ್ಟಿಲು ಹತ್ತಿ ಬಂದಿರಾ?" ಎಂದು ಕೇಳಿದರು. ಅಷ್ಟಕ್ಕೇ ಅತ್ತುಬಿಟ್ಟೆ. ಅವರು ಪರದೆ ಎಳೆದರು. ಬೇರೇನೂ ಕೇಳದೆ, ಥೈರಾಯ್ಡ್ ಪರೀಕ್ಷೆಗೆ ಬರೆದು, ಅದೇ ಹಾಳೆಯ ಕೆಳಗೆ ಮನೋವೈದ್ಯಕೀಯ ವಿಭಾಗಕ್ಕೆ ಕಳಿಸುವುದೆಂದು ಬರೆದುಕೊಟ್ಟರು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ. ಅದಲ್ಲವೆಂದು ಮೊದಲು ಖಚಿತವಾಗಬೇಕಂತೆ. ಮುಂದೆ ರಿಪೋರ್ಟ್ ನಾರ್ಮಲ್ ಬಂತು. ಆ ಪರದೆಯನ್ನು ನಾನು ಮರೆತಿಲ್ಲ.

ಮನೋವೈದ್ಯಕೀಯದಲ್ಲಿ ಮೊದಲು ಸಿಕ್ಕಿದ್ದು ಕಲಿಯುತ್ತಿರುವ ಡಾಕ್ಟರು, ನನಗಿಂತ ಚಿಕ್ಕ ಹುಡುಗಿ. ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳಿದರು. ಎಂದಿನಿಂದ? ಎಂಟನೆಯ ಕ್ಲಾಸಿನಿಂದ, ಹಾಜರಿ ಕರೆಯುವಾಗ ನನ್ನ ನಂಬರು ಹತ್ತಿರ ಬಂದಂತೆ ಕಿವಿ ಬಿಸಿಯಾಗಲು ಶುರುವಾದಾಗಿನಿಂದ. ಒಬ್ಬಳೇ ಇರುವಾಗಲೂ ಹೀಗಾಗುತ್ತದಾ? ಇಲ್ಲ. ನಿದ್ದೆ? ಊಟ? ಯಾರೋ ಮಾತಾಡುವ ದನಿ ಕೇಳಿಸುತ್ತದಾ? ಕುಡಿಯುವ ಅಭ್ಯಾಸ? ಬದುಕು ಬೇಡ ಅನ್ನಿಸಿದೆಯಾ? ಈ ಕೊನೆಯ ಪ್ರಶ್ನೆಯನ್ನು ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮನೆಯಲ್ಲಿ ಇನ್ಯಾರಿಗಾದರೂ ಇಂಥ ತೊಂದರೆ? ಇಲ್ಲ ಎಂದೆ, ಒಂದು ಕ್ಷಣವೂ ಯೋಚಿಸದೆ.

ಏನು ಭಯ ಎಂದು ಕೇಳಿದಾಗ ಸರಿಯಾಗಿ ಉತ್ತರಿಸಲಾಗಲಿಲ್ಲ. ಆಮೇಲೆ ಅವರು ಮರಾಠಿಯಲ್ಲಿ, "ತುಮ್ಹೀ ಕಾಯ್ ಕಾಯ್ ಟಾಳತಾ?" ಎಂದರು. ಏನೇನನ್ನು ತಪ್ಪಿಸಿಕೊಳ್ಳುತ್ತೀರಿ? ಅಷ್ಟು ಕೇಳಿದ್ದೇ ಸಾಕಾಯಿತು, ಮಾತು ಕಟ್ಟೆಯೊಡೆಯಿತು. ಆಫೀಸಿನವರ ಜೊತೆ ಸ್ಟೇಷನ್‌ವರೆಗೆ ನಡೆಯಬೇಕಾಗುತ್ತದೆಂದು ಇಪ್ಪತ್ತು ನಿಮಿಷ ತಡವಾಗಿ ಹೊರಡುತ್ತೇನೆ. ಡಬ್ಬಿ ಒಬ್ಬಳೇ ತಿನ್ನುತ್ತೇನೆ. ಆಟೋದವರು ಚಿಲ್ಲರೆ ಕಡಿಮೆ ಕೊಟ್ಟರೆ ಕೇಳುವುದಿಲ್ಲ. ನನ್ನದು ಫೋರ್ಟಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗಿನ ಆಫೀಸು. ಆಮದು ಸರಕಿನ ದಾಖಲೆಯಾದ ಬಿಲ್ ಆಫ್ ಎಂಟ್ರಿಯಲ್ಲಿ ಕ್ವೆರಿ ಬಂದರೆ ಎರಡು ನಿಮಿಷದ ಫೋನಿನಲ್ಲಿ ಮುಗಿಯುವುದಕ್ಕೆ ಅರ್ಧ ದಿನ ಇಮೇಲು ಬರೆಯುತ್ತೇನೆ. ಟೀಮ್ ನೋಡಿಕೋ ಎಂದು ಎರಡು ಸಲ ಹೇಳಿದರು, ಎರಡು ಸಲವೂ ಬೇಡವೆಂದೆ. ನನ್ನ ನಂತರ ಸೇರಿದವರು ಈಗ ನನ್ನ ಮೇಲಿದ್ದಾರೆ. ಹೇಳುತ್ತಾ ಹೋದ ಹಾಗೆ ನನಗೇ ದಿಗಿಲಾಯಿತು. ಇದು ಸ್ವಭಾವವಾಗಿರಲಿಲ್ಲ, ವರ್ಷಗಟ್ಟಲೆ ಒಂದೊಂದೇ ದಾರಿಯನ್ನು ನಾನೇ ಮುಚ್ಚಿಕೊಂಡು ಬಂದಿದ್ದೆ.

ಬಳಿಕ ಒಂದು ಪ್ರಶ್ನಾವಳಿ ಕೊಟ್ಟರು. ನ್ಯೂಯಾರ್ಕಿನ ಮೈಕಲ್ ಲೀಬೊವಿಟ್ಸ್ ಎಂಬ ಮನೋವೈದ್ಯರು 1987ರಲ್ಲಿ ಪ್ರಕಟಿಸಿದ್ದಂತೆ. ಅದರಲ್ಲಿ 24 ಸಂದರ್ಭಗಳು: ಬೇರೆಯವರೆದುರು ಉಣ್ಣುವುದು, ಯಾರೋ ನೋಡುತ್ತಿರುವಾಗ ಬರೆಯುವುದು, ಕೊಂಡ ವಸ್ತುವನ್ನು ಅಂಗಡಿಗೆ ವಾಪಸು ಕೊಡುವುದು, ಎಲ್ಲರೂ ಕೂತಿರುವ ಕೋಣೆಗೆ ಕಾಲಿಡುವುದು. ಪ್ರತಿಯೊಂದಕ್ಕೂ ಎರಡು ಅಂಕ, ಭಯ ಎಷ್ಟು, ತಪ್ಪಿಸಿಕೊಳ್ಳುವುದು ಎಷ್ಟು, ಸೊನ್ನೆಯಿಂದ 3ರವರೆಗೆ. ಒಟ್ಟು 144. ಬರೆಯುತ್ತಿರುವಾಗ ನೋಡುವವರು ಎಂಬುದನ್ನು ಓದಿ ನಾನು ತಲೆ ಎತ್ತಿದೆ. ನನ್ನ ಬ್ಯಾಂಕಿನ ಕೌಂಟರನ್ನು ಯಾರೋ ದೂರದಲ್ಲಿ ಕೂತು, ನಾನು ಹುಟ್ಟುವ ಮೊದಲೇ ಬರೆದಿಟ್ಟಿದ್ದರು. ಸಭೆಯಲ್ಲಿ ಮಾತಾಡುವುದು ಎಂಬಲ್ಲಿ ಭಯದ ಕೆಳಗೆ ಸೊನ್ನೆ ಹಾಕಿದ್ದೆ. ಡಾಕ್ಟರು ಅಲ್ಲಿ ಬೆರಳಿಟ್ಟು, "ಮಾತಾಡಲೇಬೇಕು ಅಂತಾದರೆ ಎಷ್ಟು ಭಯ, ಅದನ್ನು ಬರೆಯಿರಿ" ಎಂದರು. ಎಂದೂ ಮಾತಾಡದವಳಿಗೆ ಭಯವೂ ಇಲ್ಲವೆಂದೇ ನಾನು ತಿಳಿದಿದ್ದೆ. ಸೊನ್ನೆ ಹೊಡೆದು 3 ಬರೆದೆ. ಕೂಡಿಸಿದಾಗ 90 ದಾಟಿತ್ತು.

ಹಿರಿಯ ಡಾಕ್ಟರು ಎಲ್ಲ ಓದಿ, ಮತ್ತೆ ನಾಲ್ಕು ಪ್ರಶ್ನೆ ಕೇಳಿ, ಸೋಷಿಯಲ್ ಆಂಗ್ಸೈಟಿ, ಅಂದರೆ ನಾಲ್ಕು ಜನರೆದುರು ಆಗುವ ಅತಿಯಾದ ಭಯ, ಎಂದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಸೋಷಿಯಲ್ ಫೋಬಿಯಾ ಎಂಬ ಹೆಸರಿನಲ್ಲಿ ಸೇರಿದ್ದೇ 1980ರಲ್ಲಿ ಎಂದು ಆಮೇಲೆ ಓದಿ ತಿಳಿದೆ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಬಗ್ಗೆ ನಾನೇ ಕೇಳಿದೆ. ಚಿಕ್ಕಂದಿನಲ್ಲಿ ಉಬ್ಬಸವಿತ್ತೆಂದು ಹೇಳಿದ್ದರಿಂದ ಅದು ಬೇಡವೆಂದರು. ಪಕ್ಕದ ಮನೆಯವರು ಕೊಟ್ಟ ಯಾವುದೋ ನಿದ್ದೆಮಾತ್ರೆಯನ್ನು ಒಮ್ಮೆ ನುಂಗಿದ್ದೆ ಎಂದಾಗ ಗಂಭೀರವಾದರು. ಅಂಥವು ಬೇಗ ಶಮನ ಕೊಡುತ್ತವೆ, ಆದರೆ ದಿನವೂ ತೆಗೆದುಕೊಂಡರೆ ಅಭ್ಯಾಸವಾಗಿ ಬಿಡಿಸುವುದೇ ಕಷ್ಟ, ಇನ್ನು ಮುಟ್ಟಬೇಡಿ ಎಂದರು. ಬರೆದದ್ದು ಆತಂಕ ತಗ್ಗಿಸುವ ಸರ್ಟ್ರಲಿನ್ ಮಾತ್ರೆ. ಮೊದಲ ವಾರ 25 ಮಿಲಿಗ್ರಾಂ, ಆಮೇಲೆ 50, ತಿಂಡಿಯಾದ ಮೇಲೆ. ಮದುವೆ, ಬಸಿರಿನ ಯೋಚನೆಯಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ ಎಂದೂ ಹೇಳಿದರು.

ಮೊದಲ ಹತ್ತು ದಿನ ಕಷ್ಟದ್ದೇ. ಹೊಟ್ಟೆ ತೊಳಸುತ್ತಿತ್ತು, ಭೇದಿ ಬೇರೆ. ಚಡಪಡಿಕೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೀಗಾಗಬಹುದೆಂದು ಅವರು ಮೊದಲೇ ಹೇಳಿರದಿದ್ದರೆ ಮೂರನೆಯ ದಿನಕ್ಕೇ ಬಿಸಾಡುತ್ತಿದ್ದೆ. ಅಮ್ಮನಿಗೆ ಬೇರೆಯೇ ಚಿಂತೆ, "ಹೆಣ್ಣು ನೋಡುಕೆ ಬಂದವ್ರಿಗೆ ಗೊತ್ತಾದ್ರೆ ಎಂತ ಮಾಡುದು?" ಎಂದು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಮಾತ್ರೆಯ ಡಬ್ಬವನ್ನು ದೇವರ ಕೋಣೆಯ ಕಪಾಟಿನಲ್ಲಿ ಬಚ್ಚಿಡುವುದನ್ನು ಒಪ್ಪಲಿಲ್ಲ. ಅದು ಅಡುಗೆಮನೆಯಲ್ಲಿ, ಅಪ್ಪಯ್ಯನ ಬಿಪಿ ಮಾತ್ರೆಯ ಪಕ್ಕದಲ್ಲೇ ಇರುತ್ತದೆ.

ನಾಲ್ಕು ವಾರ ಕಳೆದರೂ ಏನೂ ಬದಲಾಗಲಿಲ್ಲ. ಡೋಸ್ 100ಕ್ಕೆ ಏರಿತು. ಅದೇ ವಿಭಾಗದ ಸೈಕಾಲಜಿಸ್ಟ್ ಕೆಲಸಗಳನ್ನು ಕೊಡುತ್ತಿದ್ದರು: ಮಾರ್ಕೆಟಿನಲ್ಲಿ ಬೆಲೆ ಕೇಳಿ ಕೊಳ್ಳದೆ ಮುಂದೆ ಹೋಗುವುದು, ಅವರು ನೋಡುತ್ತಿರುವಾಗ ಹತ್ತು ಸಲ ಸಹಿ ಹಾಕುವುದು. ಒಂಬತ್ತನೆಯ ವಾರವೋ ಹತ್ತನೆಯದೋ, ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿದವಳಿಗೆ ಏನೋ ಮರೆತಂತಾಯಿತು. ಬೆಳಿಗ್ಗೆ ಲಿಫ್ಟಿನಲ್ಲಿ ಸಾಹೇಬರಿಗೆ ಏನೋ ತಡವರಿಸಿ ಉತ್ತರಿಸಿದ್ದೆ. ಹಿಂದೆ ಆಗಿದ್ದರೆ ಆ ಒಂದು ವಾಕ್ಯವನ್ನು ರಾತ್ರಿ ಎರಡರವರೆಗೆ ತಿರುವಿ ತಿರುವಿ ಹಾಕುತ್ತಿದ್ದೆ, ಹಾಗಂದೆನಲ್ಲ, ಅವರೇನಂದುಕೊಂಡರೋ ಎಂದು. ಅವತ್ತು ಅದು ನೆನಪಿಗೇ ಬಂದಿರಲಿಲ್ಲ. ಜನರ ಮುಂದೆ ಧೈರ್ಯ ಬಂತೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಮೊದಲು ಬಂದದ್ದು ನಿದ್ದೆ.

ಒಂದು ತಪ್ಪೂ ಮಾಡಿದೆ. ಊರಿನ ಕಡೆಯ ಕೋಟೇಶ್ವರದ ತೇರು, ಕೊಡಿಹಬ್ಬಕ್ಕೆಂದು ಥಾಣೆಯಿಂದ ಮತ್ಸ್ಯಗಂಧ ರೈಲು ಹತ್ತಿದಾಗ ಮಾತ್ರೆ ಮನೆಯಲ್ಲೇ ಉಳಿಯಿತು. ನಾಲ್ಕು ದಿನ ತಾನೇ ಎಂದುಕೊಂಡೆ. ಮೂರನೆಯ ದಿನಕ್ಕೆ ತಲೆ ತಿರುಗಿ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹರಿದ ಹಾಗಾಗಿ, ತೇರಿನ ಜನಜಂಗುಳಿಯ ಮಧ್ಯೆ ಅಂಗಡಿಯೊಂದರ ಬೆಂಚು ಹಿಡಿದು ಕೂತೆ. ನಿಲ್ಲಿಸುವ ದಿನ ಬಂದಾಗಲೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರಂತೆ. ಚೆನ್ನಾಗಿದ್ದೇನೆ ಅನ್ನಿಸಿದ ಮೇಲೂ ಒಂದು ವರ್ಷವಾದರೂ ಮುಂದುವರಿಸೋಣ ಎಂದಿದ್ದಾರೆ.

ಐದನೆಯ ತಿಂಗಳು ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿದೆ, ಆಫೀಸಿನ ಅಡ್ವಾನ್ಸ್ ತೀರಿಸಿದೆ. ಎರಡನೆಯ ಸಹಿ ಕೂಡಿತು. ಆ ಸಂಜೆ ಅಪ್ಪಯ್ಯನಿಗೆ ನಿಜ ಹೇಳಿದೆ. ಸರ್ವರ್ ಡೌನ್ ಆಗಿರಲಿಲ್ಲ, ಕೈ ನಡುಗಿ ಓಡಿಬಂದಿದ್ದೆ ಎಂದು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅಪ್ಪಯ್ಯ ಮುಂಬಯಿಗೆ ಬಂದದ್ದು 1976ರಲ್ಲಿ, ಹದಿನೆಂಟರ ಪ್ರಾಯದಲ್ಲಿ. ಮಾಟುಂಗಾದ ಹೋಟೆಲೊಂದರಲ್ಲಿ ಕೊನೆಯವರೆಗೂ ದೋಸೆ ಕಾವಲಿಯ ಮುಂದೆ, ಗಿರಾಕಿಗಳಿಗೆ ಬೆನ್ನು ಹಾಕಿ ನಿಂತವರು. ಧಣಿಗಳು ಗಲ್ಲಾದಲ್ಲಿ ಕೂರಲು ಕರೆದಿದ್ದರು, ಒಲ್ಲೆನೆಂದರು. ಅವರ ನಂತರ ಬಂದವರು ಗಲ್ಲಾದಲ್ಲಿ ಕೂತು, ಮುಂದೆ ಸ್ವಂತ ಹೋಟೆಲು ಮಾಡಿದರು. "ಅಪ್ಪಯ್ಯನಿಗೆ ಆಸೆ ಇಲ್ಲ, ದೇವರಂಥ ಮನುಷ್ಯ" ಎಂದು ಊರಲ್ಲೆಲ್ಲ ಹೆಸರು.

"ಆಸೆ ಇಲ್ದೆ ಅಲ್ಲ ಮಗಾ" ಎಂದರು ಅಪ್ಪಯ್ಯ. "ಒಂದ್ ದಿನ ಕೂತಿದ್ದೆ. ಎಲ್ರೂ ನನ್ನೇ ಕಾಂತಿದ್ರ್. ಚಿಲ್ರೆ ಎಣ್ಸುಕೆ ಕೈ ನಡ್ಗಿತ್. ಮರ್ದಿನ ಕಾವ್ಲಿಗೇ ಹೋದೆ."

ಮುಂದಿನ ಮಂಗಳವಾರ ಪರೇಲಿಗೆ ಹೋದಾಗ ಡಾಕ್ಟರು ಎಂದಿನಂತೆ ನಿದ್ದೆ, ಊಟ, ಹೊಟ್ಟೆ ಕೇಳಿ ಹೊಸ ಚೀಟಿ ಬರೆಯತೊಡಗಿದರು. ನಾನು ಮಧ್ಯದಲ್ಲೇ, ಅವರು ಕೇಳದೆಯೇ, ಮೊದಲ ದಿನದ ಹಾಳೆಯಲ್ಲಿ ಒಂದು ಕಡೆ ತಪ್ಪು ಹೇಳಿದ್ದೇನೆ, ತಿದ್ದಬೇಕು ಎಂದೆ. ಅವರು ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಮನೆಯಲ್ಲಿ ಇನ್ಯಾರಿಗಾದರೂ ಎಂಬುದರ ಮುಂದಿದ್ದ 'ಇಲ್ಲ'ವನ್ನು ಹೊಡೆದು, ತಂದೆ ಎಂದು ಬರೆದುಕೊಂಡರು.

"ಅವರು ಬರ್ತಾರಾ?"

"ಕೇಳ್ತೇನೆ" ಎಂದೆ.