ಜ್ವರದ ದಿನ ಎಣಿಸಿ ಓದಿ

ಸೋಂಕು ಮತ್ತು ರೋಗನಿರೋಧಕ ಶಕ್ತಿಯ ಪ್ರಶ್ನೆಪತ್ರಿಕೆಯಲ್ಲಿ ಅಂಕ ಸೋರುವುದು ‘ಯಾವುದು, ಯಾವಾಗ’ ಎಂಬಲ್ಲಿ. ಪ್ರತಿಕಾಯಗಳಲ್ಲಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು) ಮೊದಲು ಬರುವ ಐಜಿಎಂ ಪೆಂಟಾಮರ್ (ಐದು ಘಟಕ ಸೇರಿದ್ದು), ಆಮೇಲಿನ ಐಜಿಜಿ ಮಾಸು ದಾಟಿ ಮಗುವಿಗೆ ಹೋಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಜ್ವರ ಬಂದ ಎರಡನೇ ದಿನ ಡೆಂಗ್ಯೂ ಐಜಿಎಂ ನೆಗೆಟಿವ್ ಬಂದರೆ ಡೆಂಗ್ಯೂ ಅಲ್ಲ ಎನ್ನಬಹುದೇ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳಿದಾಗ ಮಾತ್ರ ತಡವರಿಸುತ್ತಾರೆ.

ಎ4 ಹಾಳೆಯನ್ನು ಅಡ್ಡ ಇಟ್ಟು 28 ಸೆಂ.ಮೀ. ಗೆರೆ ಎಳೆಯಿರಿ, ದಿನಕ್ಕೊಂದು ಸೆಂಟಿಮೀಟರ್. ಮೊದಲ 7 ಸೊಳ್ಳೆ ಕಚ್ಚಿದ ಮೇಲಿನ ಕಾವಿನ ದಿನಗಳು (ಡೆಂಗ್ಯೂಗೆ 4ರಿಂದ 10 ದಿನ). ಎಂಟನೆಯದು ಜ್ವರದ ಮೊದಲ ದಿನ. ಅಲ್ಲಿಂದ ಐದು ದಿನ ಎನ್‌ಎಸ್1 (ರಕ್ತಪರೀಕ್ಷೆಯಲ್ಲಿ ಸಿಗುವ ವೈರಸ್ಸಿನ ಪ್ರೋಟೀನು) ಎಂದು ಬರೆಯಿರಿ, ಏಕೆಂದರೆ ಆಗ ವೈರಸ್ ರಕ್ತದಲ್ಲೇ ಇರುತ್ತದೆ. ಜ್ವರದ ಐದನೇ ದಿನದ ಹೊತ್ತಿಗೆ ಐಜಿಎಂ ಏರತೊಡಗುತ್ತದೆ. ಹಾಗಾಗಿ ಎರಡನೇ ದಿನದ ನೆಗೆಟಿವ್ ನೋಡಿ ಡೆಂಗ್ಯೂ ಅಲ್ಲ ಎನ್ನಲಾಗದು. ಇಷ್ಟು ತಡ ಏಕೆ ಎಂಬುದೇ ಉತ್ತರದ ತಿರುಳು: ಡೆಂಡ್ರಿಟಿಕ್ ಕೋಶ (ಕಾವಲು ಕೋಶ) ಆಂಟಿಜನ್ (ವೈರಸ್ಸಿನ ಗುರುತಿನ ತುಣುಕು) ಹೊತ್ತು ದುಗ್ಧಗ್ರಂಥಿಗೆ ಹೋಗಬೇಕು, ಅದಕ್ಕೆ ಹೊಂದುವ ಬೆರಳೆಣಿಕೆಯ ಟಿ, ಬಿ ಕೋಶಗಳು ಸಿಗಬೇಕು, ಸಿಕ್ಕವು ಸಾವಿರಾರು ಆಗಬೇಕು. ಅಲ್ಲಿಯತನಕ ದೇಹವನ್ನು ಕಾಪಾಡುವುದು ಇಂಟರ್‌ಫೆರಾನ್ (ವೈರಸ್ ತಡೆಯುವ ಪ್ರೋಟೀನು), ಎನ್‌ಕೆ ಕೋಶಗಳು (ಸೋಂಕಿತ ಕೋಶಗಳನ್ನು ಕೊಲ್ಲುವವು). ಇವು ಗಂಟೆಗಳ ಲೆಕ್ಕದವು.

ಎರಡನೇ ಹಾಳೆಯಲ್ಲಿ ಬೇರೆ ಸೀರೋಟೈಪಿನ (ಅದೇ ವೈರಸ್ಸಿನ ಇನ್ನೊಂದು ಬಗೆ) ಎರಡನೇ ಡೆಂಗ್ಯೂ. ನೆನಪಿನ ಕೋಶಗಳಿರುವುದರಿಂದ ಐಜಿಜಿ ಮೊದಲ ದಿನಗಳಲ್ಲೇ ಏರುತ್ತದೆ, ಐಜಿಎಂ ಕಡಿಮೆ. ಹಳೆಯ ಪ್ರತಿಕಾಯ ಹೊಸ ವೈರಸ್ಸಿಗೆ ಅಂಟುತ್ತದೆ, ಕೊಲ್ಲಲಾರದು. ಅದನ್ನೇ ಹಿಡಿದು ವೈರಸ್ ಮ್ಯಾಕ್ರೊಫೇಜ್ (ಸೂಕ್ಷ್ಮಜೀವಿ ನುಂಗುವ ಕೋಶ) ಒಳಗೆ ನುಗ್ಗುತ್ತದೆ. ಎರಡನೇ ಸಲ ರೋಗ ಜೋರಾಗಲು ಇದೊಂದು ಕಾರಣ.

ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಮಂಗನ ಕಾಯಿಲೆ ಮನೆ ಹತ್ತಿರದ ಉದಾಹರಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಡೆಂಗ್ಯೂ ಥರವೇ ಫ್ಲೇವಿವೈರಸ್, ಹರಡುವುದು ಉಣುಗು, ಮನುಷ್ಯನಿಂದ ಮುಂದೆ ಹೋಗದು. ಇದಕ್ಕೂ ಗೆರೆ ಎಳೆಯಿರಿ: ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ಆಗ ತಲೆನೋವು, ನಡುಕದಂಥ ನರದ ಲಕ್ಷಣ ಸೇರುತ್ತವೆ. ಹತ್ತು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿಲ್ಲ.

ಕಾಂಪ್ಲಿಮೆಂಟ್‌ಗೆ (ರಕ್ತದಲ್ಲಿರುವ ರಕ್ಷಕ ಪ್ರೋಟೀನುಗಳ ಸರಣಿ) ತಲೆ ಕೆಡಿಸಿಕೊಳ್ಳಬೇಡಿ. ಅದು ಚಾಲೂ ಆಗುವ ಮೂರು ದಾರಿಗಳೂ ಸಿ3ಯಲ್ಲಿ ಕೂಡುತ್ತವೆ, ಕೊನೆಗೆ ಸಿ5ಬಿಯಿಂದ ಸಿ9ರವರೆಗಿನವು ಸೇರಿ ಕೋಶದ ಪೊರೆಗೆ ತೂತು ಕೊರೆಯುತ್ತವೆ.

ಹೈಪರ್‌ಸೆನ್ಸಿಟಿವಿಟಿಯನ್ನೂ (ರೋಗನಿರೋಧಕ ಶಕ್ತಿಯ ಅತಿ ಪ್ರತಿಕ್ರಿಯೆ) ಹೊತ್ತಿನ ಮೇಲೆ ನೆನಪಿಡಿ. ಐಜಿಇ ಪ್ರತಿಕಾಯದ ಮೊದಲನೇ ಬಗೆ ನಿಮಿಷಗಳಲ್ಲಿ, ಟಿ ಕೋಶದ ನಾಲ್ಕನೇ ಬಗೆ 48ರಿಂದ 72 ಗಂಟೆಗಳಲ್ಲಿ. ಕ್ಷಯ ಸೋಂಕು ಹುಡುಕುವ ಮಾಂಟೂ ಪರೀಕ್ಷೆ ಓದುವುದೂ ಅದಕ್ಕೇ ಆ ಹೊತ್ತಿಗೆ. ಮುಂಗೈಯ ಚರ್ಮದೊಳಗೆ 0.1 ಮಿ.ಲೀ. ಟ್ಯೂಬರ್‌ಕ್ಯುಲಿನ್ (ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನು) ಚುಚ್ಚಿದಾಗ ಬಿಳಿ ಗುಳ್ಳೆ ಏಳಬೇಕು. ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ. ಮೂರನೇ ದಿನ ಕೆಂಪನ್ನು ಅಳೆಯುವವರೇ ಹೆಚ್ಚು, ಅದು ತಪ್ಪು. ಬೆರಳಿಗೆ ಗಟ್ಟಿಯಾಗಿ ಸಿಗುವ ಭಾಗವನ್ನಷ್ಟೇ, ಮುಂಗೈಗೆ ಅಡ್ಡವಾಗಿ, ಮಿಲಿಮೀಟರಿನಲ್ಲಿ ಅಳೆಯಬೇಕು. ಎಚ್‌ಐವಿಯಿಂದ ಸಿಡಿ4 ಎಂಬ ಟಿ ಕೋಶಗಳ ಸಂಖ್ಯೆ ಕುಸಿದವರಲ್ಲಿ ಕ್ಷಯವಿದ್ದರೂ ಗಟ್ಟಿಯಾಗದೇ ಇರಬಹುದು ಎಂಬ ಸಾಲನ್ನೂ ಸೇರಿಸಿ.