ಬೆನ್ನಿಗೆ ಇಂಜೆಕ್ಷನ್ನೋ, ಪೂರ್ತಿ ಮತ್ತೋ?

ನನ್ನ ಎಡಗಡೆ ಮೂತ್ರನಾಳದ ಕೆಳತುದಿಯಲ್ಲಿ 9 ಮಿ.ಮೀ. ಕಲ್ಲು ಸಿಕ್ಕಿಕೊಂಡಿತ್ತು. ಮಾತ್ರೆಗೆ ಜಾರಲಿಲ್ಲ. ಹುಬ್ಬಳ್ಳಿಯ ಯುರಾಲಜಿಸ್ಟ್ ಸ್ಕ್ಯಾನ್ ನೋಡಿ, ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ತೂರಿಸಿ ಲೇಸರ್‌ನಲ್ಲಿ ಪುಡಿ ಮಾಡೋಣ ಎಂದರು. ಅದಕ್ಕೆ ಮನೆಯವರೆಲ್ಲ ಒಪ್ಪಿದರು. ಜಗಳ ಶುರುವಾಗಿದ್ದು ನೋವು ಗೊತ್ತಾಗದಂತೆ ಕೊಡುವ ಅನಸ್ತೇಷಿಯಾ ವಿಷಯಕ್ಕೆ: ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದೋ, ಪೂರ್ತಿ ಮತ್ತು ಕೊಟ್ಟು ಪ್ರಜ್ಞೆ ತಪ್ಪಿಸುವುದೋ?

"ಬೆನ್ನಿಗೆ ಇಂಜೆಕ್ಷನ್ ಮಾತ್ರ ಬೇಡ, ಸಾಯೋವರೆಗೂ ಸೊಂಟ ನೋಯುತ್ತೆ" ಎಂದು ಅತ್ತೆ ಪಟ್ಟು ಹಿಡಿದರು. ನಮ್ಮ ಕಡೆ ಸಿಸೇರಿಯನ್ ಆದ ಹೆಂಗಸರ ಬಾಯಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಅಣ್ಣನದೂ ಅದೇ ರಾಗ. ಅವನಿಗೆ ಹಿಂದೆ ಕಲ್ಲು ತೆಗೆದಾಗ ಪೂರ್ತಿ ಮತ್ತು ಕೊಟ್ಟಿದ್ದರು. "ನಿದ್ದೆ ಮಾಡಿ ಎದ್ದ ಹಾಗಾಯ್ತು, ನೀನೂ ಅದನ್ನೇ ಕೇಳು" ಎಂದ.

ಆಪರೇಷನ್‌ಗೆ ಮುಂಚೆ ಅನಸ್ತೇಷಿಯಾ ಡಾಕ್ಟರ್ ಹತ್ತಿರ ಕೂತು ಮಾತಾಡಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ಬಾಯಿ ತೆಗೆಸಿದರು, ಕುತ್ತಿಗೆ ಆಡಿಸಿದರು. ಅಲ್ಲಾಡುವ ಹಲ್ಲು, ಗೊರಕೆ, ಅಲರ್ಜಿ, ನುಂಗುವ ಮಾತ್ರೆ, ಎಲ್ಲ ಕೇಳಿದರು. ನನಗೆ ಅಸ್ತಮಾ ಇದೆ, ಚಳಿಗಾಲದಲ್ಲಿ ಇನ್‌ಹೇಲರ್ ಬಿಡೋಕಾಗಲ್ಲ ಎಂದೆ. ಅಲ್ಲಿಗೆ ಅವರ ಪೆನ್ನು ನಿಂತಿತು. ಪೂರ್ತಿ ಮತ್ತಿನಲ್ಲಿ ಗಂಟಲೊಳಗೆ ಟ್ಯೂಬ್ ಇಳಿಸುವಾಗ ಅಸ್ತಮಾ ಇರುವವರ ಶ್ವಾಸನಾಳ ಬಿಗಿಯುವ ಸಾಧ್ಯತೆ ಇರುತ್ತದೆ. ಕಲ್ಲು ಕೆಳಗಡೆಯೇ ಇರುವುದರಿಂದ ನಿಮಗೆ ಸ್ಪೈನಲ್, ಅಂದರೆ ಬೆನ್ನಿನ ಇಂಜೆಕ್ಷನ್ ಸಾಕು, ಉಸಿರು ನಿಮ್ಮದೇ ನಡೆಯುತ್ತದೆ ಎಂದರು.

ಅತ್ತೆಯ ಭಯವನ್ನೂ ಅವರ ಮುಂದಿಟ್ಟೆ. ಸುಮ್ನೆ ನಕ್ಕು ಕಳಿಸಲಿಲ್ಲ, ಅದು ನನಗೆ ಹಿಡಿಸಿತು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಹಾಕುವುದು ಅದರ ಕೆಳಗೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಬಾಣಂತಿಯರ ಸೊಂಟ ನೋವಿಗೆ ಬಸಿರು, ಮಗು ಎತ್ತುವುದು, ನಿದ್ದೆಗೆಟ್ಟಿದ್ದು ಎಲ್ಲ ಸೇರಿರುತ್ತದೆ, ಬೈಗುಳ ಮಾತ್ರ ಇಂಜೆಕ್ಷನ್‌ಗೆ! ನಿಜವಾಗಿ ಗಮನಿಸಬೇಕಾದ್ದು ತಲೆನೋವು. ಎದ್ದು ಕೂತರೆ ಜಾಸ್ತಿಯಾಗಿ ಮಲಗಿದರೆ ಇಳಿಯುವ ತಲೆನೋವು ಬಂದರೆ ತಕ್ಷಣ ಫೋನ್ ಮಾಡಿ ಎಂದರು. ಈಗಿನ ಸಣ್ಣ ಸೂಜಿಗಳಿಂದ ಅದೂ ಕಡಿಮೆಯಂತೆ.

ಹಾಗಾದರೆ ಅಣ್ಣನಿಗೆ ಯಾಕೆ ಪೂರ್ತಿ ಮತ್ತು? ಅವನ ಕಲ್ಲು ಮೂತ್ರಪಿಂಡದ ಒಳಗಿತ್ತು. ಉಸಿರಾಡಿದಂತೆಲ್ಲ ಮೂತ್ರಪಿಂಡ ಮೇಲೆ ಕೆಳಗೆ ಸರಿಯುತ್ತದೆ, ಲೇಸರ್ ಗುರಿ ತಪ್ಪುತ್ತದೆ. ಪೂರ್ತಿ ಮತ್ತಿನಲ್ಲಿ ಉಸಿರನ್ನು ಡಾಕ್ಟರೇ ಹಿಡಿತದಲ್ಲಿಡಬಹುದು. ಜೊತೆಗೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು, ಕ್ಲೋಪಿಡೋಗ್ರೆಲ್ ನಿಲ್ಲಿಸುವ ಹಾಗಿರಲಿಲ್ಲ. ರಕ್ತ ತೆಳುವಾಗಿಸುವ ಆ ಮಾತ್ರೆ ನಡೆಯುತ್ತಿರುವಾಗ ಬೆನ್ನಿಗೆ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ನರ ಒತ್ತುವ ಅಪಾಯ ಇರುತ್ತದೆ. ಒಂದೇ ಮನೆ, ಒಂದೇ ಕಾಯಿಲೆ, ಇಬ್ಬರಿಗೂ ಅವರವರಿಗೆ ಸರಿಯಾದದ್ದೇ ಸಿಕ್ಕಿತ್ತು.

ಆ ದಿನ ದಿಂಬು ತಬ್ಬಿಕೊಂಡು ಬಗ್ಗಿ ಕೂತೆ. ಬೆನ್ನಿಗೆ ತಣ್ಣನೆ ದ್ರವ ಹಚ್ಚಿದರು. ಮೊದಲು ಚರ್ಮ ಮರಗಟ್ಟಿಸುವ ಸಣ್ಣ ಚುಚ್ಚು, ಆಮೇಲಿನದು ಬರೀ ಒತ್ತಿದ ಹಾಗೆ. ಕಾಲು ಬಿಸಿಯಾಯಿತು, ಭಾರವಾಯಿತು, ಆಮೇಲೆ ನನ್ನದೇ ಅಲ್ಲ ಎನ್ನಿಸಿತು. ಬಿಪಿ ಸ್ವಲ್ಪ ಇಳಿದು ವಾಕರಿಕೆ ಬಂತು, ಡ್ರಿಪ್‌ನಲ್ಲಿ ಔಷಧಿ ಕೊಟ್ಟರು, ಹೋಯಿತು. ಮಧ್ಯೆ ಹಲ್ಲು ಕಟಕಟ ಎನ್ನುವಷ್ಟು ನಡುಕ. ಅದಕ್ಕೂ ಬಿಸಿಗಾಳಿಯ ಹೊದಿಕೆ ಇತ್ತು. ಡಾಕ್ಟರ್‌ಗಳ ಮಾತು ಕೇಳಲು ಇಷ್ಟವಿಲ್ಲದವರು ಮೊದಲೇ ಹೇಳಿದರೆ ಮಂಪರಿಗೆ ಸ್ವಲ್ಪ ಔಷಧಿ ಕೊಡುತ್ತಾರೆ. ನಾನು ಕೇಳಿಸಿಕೊಂಡೇ ಇದ್ದೆ. ಸ್ಕ್ರೀನಿನಲ್ಲಿ ಕಲ್ಲು ಒಡೆಯುವುದನ್ನೂ ನೋಡಿದೆ. ತಲೆನೋವು ಬರಲಿಲ್ಲ. ಆಮೇಲೆ ಕಾಡಿದ್ದು ಮೂತ್ರ ಸರಾಗ ಹರಿಯಲೆಂದು ಮೂತ್ರನಾಳದಲ್ಲಿ ಬಿಟ್ಟಿದ್ದ ಸಣ್ಣ ಕೊಳವೆ, ಅಂದರೆ ಡಿಜೆ ಸ್ಟೆಂಟ್‌ನ ಉರಿ. ಅದಕ್ಕೂ ಅನಸ್ತೇಷಿಯಾಗೂ ಸಂಬಂಧವಿಲ್ಲ.

ಈಗ ಗಂಗಾವತಿಯ ಚಿಕ್ಕಮ್ಮನಿಗೆ ಬೆನ್ನ ಕಡೆಯಿಂದ ತೂತು ಮಾಡಿ ದೊಡ್ಡ ಕಲ್ಲು ತೆಗೆಯಬೇಕಂತೆ. ಬೋರಲು ಮಲಗಿಸಿ ಮಾಡುವುದು ಜಾಸ್ತಿ, ಹೊತ್ತೂ ಹಿಡಿಯುತ್ತದೆ. "ನಿನಗೆ ಕೊಟ್ಟಿದ್ದನ್ನೇ ನನಗೂ ಕೇಳ್ತೀನಿ" ಎಂದು ಫೋನ್ ಮಾಡಿದ್ದರು. ಬೇಡ ಎಂದೆ. ಬಿಪಿ, ಶುಗರ್ ಮಾತ್ರೆಗಳ ಚೀಟಿ, ಹಳೇ ಆಪರೇಷನ್ ಕಾಗದ ತೆಗೆದುಕೊಂಡು ಮೊದಲು ಅನಸ್ತೇಷಿಯಾ ಡಾಕ್ಟರ್‌ನ ನೋಡಿ, ಬೋರಲು ಮಲಗಿದಾಗ ನನ್ನ ಉಸಿರಿಗೆ ಯಾವುದು ಒಳ್ಳೇದು ಅಂತ ಅವರನ್ನೇ ಕೇಳಿ ಎಂದಿದ್ದೇನೆ. ಸೋಮವಾರ ಹೋಗುತ್ತಾರೆ, ಜೊತೆಗೆ ನಾನೂ.