ಮಂಜು ಸರಿದಾಗ ಸಿಕ್ಕ ವರಯಾಡುಗಳು

2025ರ ಏಪ್ರಿಲ್ ಕೊನೆಯ ವಾರ. ಕೇರಳ, ತಮಿಳುನಾಡು ಎರಡೂ ಒಟ್ಟಿಗೆ ನೀಲಗಿರಿ ತಾರ್ ಎಂಬ ಕಾಡು ಆಡುಗಳನ್ನು ಎಣಿಸುತ್ತಿದ್ದ ದಿನಗಳು. ಮುನ್ನಾರ್ ಹತ್ತಿರದ ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ತಂಡದ ಜೊತೆ ಹೋಗಲು ನನಗೂ ಅವಕಾಶ ಸಿಕ್ಕಿತ್ತು. ಅಲ್ಲಿಯವರಿಗೆ ತಾರ್ ಅಂದರೆ ವರಯಾಡು. ಆಡು ನಮ್ಮ ಆಡೇ, ವರೈ ಅಂದರೆ ಕಡಿದಾದ ಬಂಡೆ.

ಪ್ರವಾಸಿಗರು ಬರುವ ರಾಜಮಲೆಯಲ್ಲಿ ಇವು ರಸ್ತೆ ಬದಿಯಲ್ಲೇ ಮೇಯುತ್ತವೆ. ಮರಿ ಹಾಕುವ ಕಾಲ ಅಂತ ಫೆಬ್ರವರಿ, ಮಾರ್ಚ್‌ನಲ್ಲಿ ಯಾರನ್ನೂ ಬಿಡುವುದಿಲ್ಲ. ಆದರೆ ನಮ್ಮ ಜಾಗ ಒಳಗಿತ್ತು. ಒಂದು ಗಂಟೆ ಹುಲ್ಲಿನ ಏರು ಹತ್ತಿದೆವು. ಮುಂದೆ ಮುದುವಾನ್ ಸಮುದಾಯದ ವಾಚರ್ ಅಣ್ಣ, ಹಿಂದೆ ಏದುಸಿರು ಬಿಡುತ್ತಾ ನಾನು.

ಮೊದಲ ಬೆಳಿಗ್ಗೆ 14 ಸಿಕ್ಕವು. ಸಂಜೆ ಅದೇ ಇಳಿಜಾರಿನಲ್ಲಿ 9. ನನಗೆ ಗಾಬರಿಯಾಯಿತು, ಯಾವುದು ಸರಿ? ಅದಕ್ಕೇ ಒಂದೇ ಜಾಗವನ್ನು ಮತ್ತೆ ಮತ್ತೆ ಎಣಿಸುವುದು. ಇಲ್ಲದ ಆಡನ್ನು ಕಾಣಲಾಗದು, ಇರುವ ಆಡು ಮಾತ್ರ ಬಂಡೆಯ ಮರೆಯಲ್ಲಿ ತಪ್ಪಿಹೋಗುತ್ತದೆ. ಹಾಗಾಗಿ ಅತಿ ಜಾಸ್ತಿ ಸಿಕ್ಕ ಎಣಿಕೆಗೇ ಬೆಲೆ. ಬೆನ್ನ ಮೇಲೆ ಬಿಳಿ ಮಚ್ಚೆಯಿರುವ ದೊಡ್ಡ ಗಂಡುಗಳು ಮಳೆಗಾಲದವರೆಗೆ ಹೆಚ್ಚಾಗಿ ಹಿಂಡಿನಿಂದ ಬೇರೆಯೇ ಇರುತ್ತವೆ, ಅವುಗಳನ್ನು ಹುಡುಕಬೇಕಾದ್ದೂ ಬೇರೆ ಕಡೆ.

ಮರುದಿನ ಬರೀ ಮಂಜು. ಎರಡು ಗಂಟೆ ಸುಮ್ನೆ ಕೂತೆವು. ದುರ್ಬೀನಿನ ಗಾಜು ಒರೆಸಿದಷ್ಟೂ ತೇವ. ಒಮ್ಮೆಲೇ ಗಾಳಿ ಬೀಸಿ ಎದುರಿನ ಬಂಡೆ ಪೂರ್ತಿ ಕಂಡಿತು. ಹೆಣ್ಣುಗಳು, ಎಳೆಯ ಗಂಡುಗಳು, ಮರಿಗಳು. ಬೇರೆ ಬೇರೆ ಗೀಟು ಹಾಕುತ್ತಾ 17 ಬರೆದೆ. ಪೆನ್ನು ಮುಚ್ಚುವಷ್ಟರಲ್ಲಿ ಅಣ್ಣ ನನ್ನ ಕೈ ಹಿಡಿದು, "ಇರಿ ಸಾರ್" ಅಂದರು. ಅವರ ಕಣ್ಣು ಒಂದು ಹೆಣ್ಣಿನ ಮೇಲಿತ್ತು. ಅದು ಎರಡು ಹೆಜ್ಜೆ ಇಟ್ಟಿತು. ಅದರ ಹೊಟ್ಟೆಯ ಹಿಂದಿನಿಂದ ಒಂದು ಮರಿ ಇಣುಕಿತು, ಆಮೇಲೆ ಇನ್ನೊಂದು. ನಾನೊಬ್ಬನೇ ಆಗಿದ್ದರೆ ಆ ಎರಡೂ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಒಟ್ಟು ಲೆಕ್ಕ ಆಮೇಲೆ ಗೊತ್ತಾಯಿತು: ಕೇರಳದಲ್ಲಿ 1,365, ತಮಿಳುನಾಡಿನಲ್ಲಿ 1,303. ಈ ಎರಡು ರಾಜ್ಯಗಳ ಘಟ್ಟ ಬಿಟ್ಟರೆ ಕಾಡಿನಲ್ಲಿ ಇವು ಇನ್ನೆಲ್ಲೂ ಇಲ್ಲ. ಒಂದು ದೊಡ್ಡ ಹಳ್ಳಿಯ ಜನದಷ್ಟೂ ಇಲ್ಲ, ಅಲ್ವಾ? ಇವು ಮೇಯುವ ಹುಲ್ಲುಗಾವಲನ್ನು ಎಷ್ಟೋ ಕಡೆ ಹೊರಗಿನಿಂದ ತಂದ ಅಕೇಶಿಯಾ, ನೀಲಗಿರಿ ಮರಗಳು ನುಂಗಿವೆ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಾವಲಿಗೆ ನಿಂತಿದ್ದ ಹೆಣ್ಣು ಚೂಪಾಗಿ ಶಿಳ್ಳೆ ಹಾಕಿತು. ಇಡೀ ಹಿಂಡು ಬಂಡೆಯ ಅಂಚಿನಾಚೆ ಇಳಿದುಹೋಯಿತು. 17 ಹೊಡೆದು ಹಾಕಿ 19 ಬರೆದೆ. ಪಕ್ಕದಲ್ಲಿ ಸಮಯ ಹಾಕಿದೆ, 8.40.